ಮಾದರಿ ಅಡುಗೆಮನೆ

ಕೆಂಪಿ ತೀರಿಹೋದಳೆಂದು ಬುಟ್ಟಿ ಹೆಣೆಯುವವನ ಮನೆಯಲ್ಲಿ ತಿಳಿದದ್ದು ಅಂದು ಬೆಳಗ್ಗೆ. ಕೆಂಪಿ ಎಂದರೆ ಕೋಳಿ. ಹಿತ್ತಿಲಲ್ಲಿ ಒಂದಿಷ್ಟು ಪುಕ್ಕ, ಮುಂಗುಸಿಯ ಹೆಜ್ಜೆ, ತಳ ಕಿತ್ತುಹೋದ ಬುಟ್ಟಿ ಉಳಿದಿದ್ದವು. ಗಟ್ಟಿ ಬುಟ್ಟಿಗಳನ್ನೆಲ್ಲ ಮಾರಿ, ಯಾರೂ ಕೊಳ್ಳದ ಹಳೆಯದನ್ನು ಅವಳಿಗೆ ಅರಮನೆಯಾಗಿ ಬಿಟ್ಟುಕೊಟ್ಟಿದ್ದ ಪುಣ್ಯಾತ್ಮ ಅವನು.

"ಎಣ್ಣೆ ಹೋಯ್ತು, ಬೇಳೆ ಹೋಯ್ತು, ತರಕಾರಿ ಹೋಯ್ತು!" ಎಂದು ಹೆಂಡತಿ ಒಂದೊಂದರ ಹೆಸರು ಹಿಡಿದು ಅತ್ತಳು. ಆ ಮನೆಯಲ್ಲಿ ಮೊಟ್ಟೆಯ ರುಚಿ ಕಂಡವರಿಲ್ಲ. ಮೊಟ್ಟೆ ಅಂಗಡಿಗೆ ಹೋಗುತ್ತಿತ್ತು, ಎಣ್ಣೆಯೋ ಬೇಳೆಯೋ ಆಗಿ ಹಿಂದಿರುಗುತ್ತಿತ್ತು. ಬುಟ್ಟಿಯ ದುಡಿಮೆ ಅಕ್ಕಿಗೇ ಮುಗಿಯುತ್ತಿತ್ತು. ಇನ್ನು ಹಗಲು ಗಂಜಿ. ರಾತ್ರಿ, ಬಾಯಿರುಚಿ ಬದಲಾಗಲೆಂದು, ಗಂಜಿ.

"ಮೆಲ್ಲಗೆ ಅಳೇ," ಎಂದ ಗಂಡ. "ಇವತ್ತು ಆಹಾರದ ಆಫೀಸಿನ ಮೇಡಂ ಬರ್ತಾರೆ. ಬುಟ್ಟಿ ಕೊಡೋಕೆ ಹೋದಾಗ ಕಿವಿಯಾರೆ ಕೇಳಿದೀನಿ. ಬರೀ ಗಂಜಿ ಕುಡಿಯೋರಿಗೆ ಜೋಡಿ ಕೋಳಿ ಕೊಡ್ತಾರಂತೆ. ಆದ್ರೆ ನಮ್ಮ ಮಾತು ನಂಬಲ್ಲ, ಪಾತ್ರೆ ಮುಚ್ಚಳ ತೆಗೆದೇ ನೋಡೋದು."

"ಪಕ್ಕದ ಮನೆ ಅಕ್ಕಂಗೂ ಒಂದು ಮಾತು ಹೇಳ್ಲಾ?" ಅಕ್ಕ ಎಂದರೆ ಅವನ ಅಣ್ಣನ ಹೆಂಡತಿ.

"ಬಾಯಿ ಮುಚ್ಚು! ಅತ್ತಿಗೆಗೆ ಗೊತ್ತಾದ್ರೆ ಬೀದಿಯೆಲ್ಲಾ ಗಂಜಿ ಕಾಯಿಸುತ್ತೆ."

ಹೀಗೆ ಗುಟ್ಟನ್ನು ಭದ್ರಪಡಿಸಿ ಅವನು ಬಿದಿರು ಕಡಿಯಲು ಹೋದ. ಮಧ್ಯಾಹ್ನ ಮರಳಿದರೆ ಮೇಡಂ ಬಾಗಿಲಲ್ಲೇ ಇದ್ದರು. ಹಿಂದೆ ಅತ್ತಿಗೆ, ಎದುರುಮನೆಯ ದರ್ಜಿ. ಇಬ್ಬರ ಮುಖದಲ್ಲೂ ಉಪಕಾರ ಮಾಡಿದವರ ಕಳೆ. ಅವನು ಬಿದಿರನ್ನು ಅಲ್ಲೇ ಹಾಕಿ ಒಳಗೆ ನುಗ್ಗಿದ.

ಅಡುಗೆಮನೆಯಲ್ಲಿ ಗಂಜಿಯ ಮಡಕೆ ಮೂಲೆ ಸೇರಿ, ಅನಾಥ ಕೂಸಿನಂತೆ ಕೂತಿತ್ತು. ಒಲೆಯ ಸುತ್ತ ಬೇಳೆ, ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಬಾಳೆಹಣ್ಣು ಮದುವೆಗೆ ಬಂದ ಬೀಗರಂತೆ ಸಾಲಾಗಿ ಕೂತಿದ್ದವು.

"ಇದೇನಿದು?" ಎಂದು ಹೆಂಡತಿಯ ಕಿವಿಯಲ್ಲಿ ಹಲ್ಲು ಕಡಿದ.

"ಮೇಡಂ ಬರ್ತಾರೆ ಅಂತಷ್ಟೇ ಬಾಯಿಬಿಟ್ಟೆ, ಕೋಳಿ ಮಾತು ಎತ್ಲಿಲ್ಲ. ಇದೆಲ್ಲಾ ಬೇಡ ಬೇಡ ಅಂದೆ. ಅಕ್ಕ ಕೇಳ್ಬೇಕಲ್ಲ!"

ಅತ್ತಿಗೆ ಪಿಸುಗುಟ್ಟಿದಳು: "ಮೈದುನ, ಸುಮ್ನಿರು. ಹೊರಗಿನೋರು ನಿನ್ನ ಗಂಜಿ ನೋಡಿದ್ರೆ ಬೀದಿ ಮರ್ಯಾದೆ ಏನಾಗ್ಬೇಕು? ನಾನೂ ದರ್ಜಿ ಮಾವನೂ ನಮ್ಮನೇಲಿ ಇದ್ದಿದ್ದೆಲ್ಲಾ ಬಳಿದು ತಂದಿದೀವಿ."

ಮೇಡಂ ಒಂದೊಂದೇ ಮುಚ್ಚಳ ತೆಗೆದು ಹಿಗ್ಗಿದರು. "ಅಬ್ಬಾ! ಕೋಳಿ ಸತ್ತಿದೆ ಅಂತ ನಿಮ್ಮತ್ತಿಗೆ ಹೇಳಿದ್ರು, ಅಂಥಾ ಮನೇಲೂ ಮೊಟ್ಟೆ!"

"ಇದ್ಯಾವುದೂ ನಮ್ಮದಲ್ಲ ಮೇಡಂ, ದೇವರಾಣೆ," ಎಂದು ಅವನು ಕೈಮುಗಿದ.

"ಎಲ್ಲಾ ದೇವರದೇ ಅಂತೀರಾ? ಎಂಥಾ ವಿನಯ! ನೋಡಿ, ಹಣ ಇಲ್ಲ, ಅದಕ್ಕೇ ಬಗೆಬಗೆಯಾಗಿ ತಿನ್ನಲ್ಲ ಅಂತ ಜನ ನೆಪ ಹೇಳ್ತಾರೆ. ಮನಸ್ಸಿದ್ರೆ ಸಾಕು ಅಂತ ನಾನು ಆಫೀಸಲ್ಲಿ ಹೇಳ್ತಾನೇ ಇರ್ತೀನಿ." ಹೊಟ್ಟೆ ತುಂಬಿದವರಿಗೆ ಮಾತ್ರ ಹೊಳೆಯುವ ಸತ್ಯ ಅದು. ಮೇಡಂ ಅವನ ಬಾಗಿಲಿಗೆ 'ಮಾದರಿ ಅಡುಗೆಮನೆ' ಎಂಬ ಚೀಟಿ ಅಂಟಿಸಿ, ಪಕ್ಕದ ಮನೆ ಹೊಕ್ಕರು.

ಅಲ್ಲಿ ಅತ್ತಿಗೆಯ ಪಾತ್ರೆಗಳು ತಳ ಬಳಿದು ಬೋರಲು ಮಲಗಿದ್ದವು. ಒಂದು ಹಿಡಿ ತಣ್ಣನೆ ಅನ್ನ ಬಿಟ್ಟರೆ ಉಪ್ಪಿನಕಾಯಿಯೂ ಇಲ್ಲ. ದರ್ಜಿಯ ಮನೆಯಲ್ಲಿ ಅದೂ ಇರಲಿಲ್ಲ. ಮೇಡಂ ಕಣ್ಣು ಒದ್ದೆಯಾಯಿತು. ಬಡತನವನ್ನು ಕಣ್ಣಾರೆ ಕಂಡ ಸಮಾಧಾನದಿಂದ ಎರಡೂ ಮನೆಗೆ ಜೋಡಿ ಕೋಳಿ ಬರೆದುಕೊಟ್ಟು ಹೋದರು.

ಸಂಜೆ ಅತ್ತಿಗೆ ತನ್ನ ಪಾತ್ರೆ ಒಯ್ಯಲು ಬಂದಳು, ಒಳಗಿದ್ದ ಅಡುಗೆಯ ಸಮೇತ.

"ಅತ್ತಿಗೆ, ಎರಡರಲ್ಲಿ ಒಂದು ಕೋಳಿ ನಮಗೆ..." ಎಂದು ಅವನು ತಡವರಿಸಿದ.

"ನಿಂಗ್ಯಾಕಪ್ಪಾ? ಬಾಗಿಲ ಮೇಲೆ ಚೀಟಿ ಹೊತ್ತೋನು ನೀನು. ಬಡವರ ಕೋಳಿ ಮೇಲೆ ಕಣ್ಣು ಹಾಕೋಕೆ ನಾಚಿಕೆ ಆಗಲ್ವಾ?" ಎಂದವಳು, ಒಂದು ಬಾಳೆಹಣ್ಣು ಮರೆತದ್ದು ನೆನಪಾಗಿ, ಮತ್ತೆ ಬಂದು ಅದನ್ನೂ ಒಯ್ದಳು.

ಗಂಡ ಹೆಂಡತಿ ಮೂಲೆಯ ಮಡಕೆಯನ್ನು ಎದುರಿಗೆ ಎಳೆದುಕೊಂಡು ಕೂತರು. ಅವನು ಗಂಜಿ ಬಾಯಿಗಿಡುವ ಮುನ್ನ ಕಣ್ಣು ಮುಚ್ಚಿ ಕೈಮುಗಿದ.

"ಭಗವಂತಾ, ನಮ್ಮ ಕೆಂಪಿ ಯಾರಿಗೂ ಕೆಟ್ಟದ್ದು ಬಯಸಿದೋಳಲ್ಲ. ತಾನು ಕಸ ಕೆದಕಿ ತಿಂದು ನಮ್ಮ ಒಲೆಗೆ ಎಣ್ಣೆ ತಂದೋಳು. ನಾವು ಅವಳಿಗೆ ಒಂದು ಗಟ್ಟಿ ಬುಟ್ಟಿ ಕೊಡಲಿಲ್ಲ, ನೀನಾದರೂ ಒಳ್ಳೇ ಗೂಡು ಕೊಡು. ಆ ಜೀವಕ್ಕೆ ಶಾಂತಿ ಸಿಗಲಿ."