ಕೆಂಪಯ್ಯನ ಹೆಸರಿನ ಸಿಮ್ಮು

ಕೇಳಿದವರಿಗೆ ಇಲ್ಲ ಎನ್ನಲಾರದ ರೋಗ ಕೆಂಪಯ್ಯನಿಗೆ ಹುಟ್ಟಿನಿಂದಲೇ ಇತ್ತು. ಗುಂಡ್ಲುಪೇಟೆಯ ಮದ್ದೂರು ಕಡೆಯ ಕಾಡಂಚಿನ ಊರೊಂದರಲ್ಲಿ ಅವನದು ಹಿಟ್ಟಿನ ಗಿರಣಿ. ಊರಿಗೆ ಮೊಬೈಲು ಬಂದ ಹೊಸದರಲ್ಲಿ ಸಿಮ್ ಮಾರುವವನೊಬ್ಬ ಗಿರಣಿಯ ಮುಂದೆ ಛತ್ರಿ ಬಿಡಿಸಿಕೊಂಡು ಕೂತ. ಸಿಮ್ಮು ಬೇಕಾದರೆ ವೋಟಿನ ಕಾರ್ಡಿನ ಜೆರಾಕ್ಸ್ ಕೊಡಬೇಕು. ಊರಿನವರ ಕಾರ್ಡುಗಳಲ್ಲಿದ್ದ ಫೋಟೊಗಳೆಲ್ಲ ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಗಿದ್ದವು. ಮನುಷ್ಯನ ಮುಖ ಎಂದು ಗುರುತಿಸಬಹುದಾದದ್ದು ಕೆಂಪಯ್ಯನದೊಂದೇ. ಕೇಳಿದವರಿಗೆಲ್ಲ ಅವನು ಜೆರಾಕ್ಸ್ ಕೊಟ್ಟ, ತೋರಿಸಿದ ಕಡೆಯೆಲ್ಲ ಸೈನ್ ಹಾಕಿದ. ಅರ್ಧ ಊರೇ ಅವನ ಹೆಸರಿನಲ್ಲಿ ಹಲೋ ಎನ್ನತೊಡಗಿತು.

ಒಂದು ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಪೊಲೀಸಿನವನೊಬ್ಬ ನಿಂತಿದ್ದ. ನಿನ್ನ ಹೆಸರಿನ ಒಂದು ಸಿಮ್ಮಿನ ವಿಚಾರ, ಇವತ್ತೇ ಚಾಮರಾಜನಗರದ ಕಚೇರಿಗೆ ಬರಬೇಕಂತೆ, ತೇಗದ ಮರದ ಕಳ್ಳತನದ ಕೇಸು ಎಂದ. ಹೆಚ್ಚಿಗೆ ಅವನಿಗೂ ಗೊತ್ತಿರಲಿಲ್ಲ. ಬೈಕು ಹತ್ತಿ ಹೋಗಿಬಿಟ್ಟ.

ಕೆಂಪಯ್ಯ ಗಿರಣಿ ನಿಲ್ಲಿಸಿ ಹಿಟ್ಟಿನ ಚೀಲದ ಮೇಲೆ ಕೂತ. ರಾಗಿ ಬೀಸಿಸಲು ಬಂದಿದ್ದ ಮೂಗಮ್ಮ ಧೈರ್ಯ ಹೇಳುವವಳಂತೆ ಹತ್ತಿರ ಬಂದು, ಪೊಲೀಸರ ಹತ್ತಿರ ಈಗ ಹೊಸ ಮಿಷನ್ನು ಇದೆಯಂತೆ, ಮನೆಯೊಳಗೆ ಕೆಮ್ಮಿದರೂ ಅವರಿಗೆ ಅಲ್ಲಿ ಕೇಳುತ್ತದಂತೆ ಎಂದಳು. ಹೇಳುವಾಗಲೇ ಅವಳಿಗೆ ತನ್ನ ಸಿಮ್ಮೂ ಕೆಂಪಯ್ಯನ ಹೆಸರಿನದು ಎಂದು ನೆನಪಾಯಿತು. ಸೊಂಟದಲ್ಲಿದ್ದ ಫೋನನ್ನು ರಾಗಿ ಚೀಲದೊಳಗೆ ತುರುಕಿ, ಬೀಸಿಸದೆಯೇ ಮನೆಗೆ ಓಡಿದಳು. ಗಳಿಗೆಯೊಳಗೆ ಊರಿನ ಫೋನುಗಳೆಲ್ಲ ಬಾಯಿ ಮುಚ್ಚಿಕೊಂಡವು.

ಕಷ್ಟಕ್ಕೆ ಆದವನು ಶಂಭುಲಿಂಗಪ್ಪ ಒಬ್ಬನೇ. ಊರಿಗೆ ದೊಡ್ಡ ಕುಳ, ಅರಿಶಿನ ಸಾಗಿಸುವ ಲಾರಿ ಇಟ್ಟವನು. ಸುದ್ದಿ ಕೇಳಿದ್ದೇ ಬಿಳಿ ಪಂಚೆ ಉಟ್ಟುಕೊಂಡು ಬಂದು, "ನಾನಿಲ್ವೇನ್ಲಾ? ನಡಿ, ಜೊತೇಲಿ ಓಗನ" ಎಂದ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು, ಸಿಮ್ಮನ್ನು ಯಾರ್ಯಾರಿಗೆ ಕೊಡಿಸಿದೆ, ತೇಗದ ವಿಚಾರ ನಿನಗೇನು ಗೊತ್ತು ಎಂದು ಗುಂಡ್ಲುಪೇಟೆ ದಾಟಿದ ಮೇಲೂ ವಿಚಾರಿಸುತ್ತಲೇ ಇದ್ದ. ಎಷ್ಟು ಕಾಳಜಿಯಪ್ಪ ಇವನಿಗೆ ಎಂದು ಕೆಂಪಯ್ಯನ ಕಣ್ಣು ಒದ್ದೆಯಾಯಿತು.

ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಎಳೆ ವಯಸ್ಸಿನ ಇನ್‌ಸ್ಪೆಕ್ಟರು ಕೂತಿದ್ದರು. ಪರದೆಯ ಮೇಲೆ ಹಸಿರು ಕಾಡಿನ ನಕ್ಷೆ, ಅದರ ಅಂಚಿನಲ್ಲಿ ಕುಂಕುಮದಷ್ಟು ಕೆಂಪು ಚುಕ್ಕೆ. ಅದು ನಿಮ್ಮ ಊರು ಎಂದರು. ಕೆಂಪಯ್ಯ ಅವರ ಕಾಲಿಗೆ ಬೀಳಲು ಬಗ್ಗಿದ. ಇನ್‌ಸ್ಪೆಕ್ಟರು ಅವನನ್ನು ಹಿಡಿದೆತ್ತಿ ಕೈ ಕುಲುಕಿದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಮೂರು ಸಲ ಯಾರೋ ಫೋನ್ ಮಾಡಿ ತೇಗದ ಗಾಡಿಯ ಸುಳಿವು ಕೊಟ್ಟಿದ್ದಾರೆ, ಮೂರು ಸಲವೂ ಮರ ಸಿಕ್ಕಿದೆ, ಸುಳ್ಳು ನಂಬರಿನ ಗಾಡಿ ಬಿಟ್ಟು ಆಳುಗಳು ಓಡಿದ್ದಾರೆ. ಮಾಡಿದವರು ಹೆಸರು ಹೇಳಿಲ್ಲ. ಇವರು ಟವರು ಹುಡುಕಿ, ಕಂಪನಿಯಿಂದ ವಿಳಾಸ ತರಿಸಿ ಪತ್ತೆ ಹಚ್ಚಿದ್ದಾರೆ. "ನಮ್ಮ ಟೆಕ್ನಾಲಜಿ ಮುಂದೆ ಈಗ ಯಾರೂ ಬಚ್ಚಿಟ್ಟುಕೊಳ್ಳೋಕಾಗಲ್ಲ ಕೆಂಪಯ್ಯನವರೇ" ಎಂದು ಅವರು ಹೆಮ್ಮೆಯಿಂದ ನಕ್ಕರು. ಕಳ್ಳನಿನ್ನೂ ಸಿಕ್ಕಿರಲಿಲ್ಲ, ಸುಳಿವು ಕೊಟ್ಟವನು ಮಾತ್ರ ಸಿಕ್ಕಿಬಿದ್ದಿದ್ದ.

ಕೆಂಪಯ್ಯನಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಲಿಲ್ಲ, ಸ್ವಲ್ಪ ಉಬ್ಬಿತು. ಇನ್‌ಸ್ಪೆಕ್ಟರು ಶಾಲು ತರಿಸಿದ್ದರು, ಕಾಫಿ ಬಂತು. ಹೊರಗೆ ಕಾಯುತ್ತಿದ್ದ ಶಂಭುಲಿಂಗಪ್ಪನನ್ನೂ ಒಳಕ್ಕೆ ಕರೆದು, ನಿಮ್ಮೂರಿನ ಹುಲಿ ಇವರು ಎಂದು ಎಲ್ಲವನ್ನೂ ವಿವರಿಸಿದರು. ಫೋನ್ ಮಾಡಿದ್ದು ನೀವೇ ಅಲ್ಲವೇ ಎಂದು ಕೇಳಿದಾಗ ಕೆಂಪಯ್ಯ, "ಏನೋ ಸಾ, ನಮ್ ಕೈಲಾದದ್ ಮಾಡ್ಬುಟ್ಟೆ" ಎಂದುಬಿಟ್ಟ. ಶಾಲಿಗೆ ಒಪ್ಪುವ ಮಾತು ಅದೇ ಎಂದು ಅವನಿಗೆ ತೋರಿತ್ತು. ಶಂಭುಲಿಂಗಪ್ಪನ ಕೈಯಲ್ಲಿದ್ದ ಲೋಟದಿಂದ ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ಹೆಂಗಸಿನ ದನಿ ಮಾಡಿ ಮಾತಾಡಿದ್ದೀರಲ್ಲ, ಅದು ಭಾರಿ ಬುದ್ಧಿ" ಎಂದು ಇನ್‌ಸ್ಪೆಕ್ಟರು ಕೆಂಪಯ್ಯನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ರೆಕಾರ್ಡು ಹಾಕಿದರು.

ಕಿವಿಯೊಳಗೆ ಹೆಂಗಸೊಬ್ಬಳು ಉಸಿರು ಹಿಡಿದುಕೊಂಡು ಮಾತಾಡುತ್ತಿದ್ದಳು. "ಅರಿಶಿನದ ಚೀಲದ ಕೆಳಗೆ ಮರ ಮಡಗವ್ರೆ ಸಾ. ಮಾಡ್ಸೋರ ಹೆಸ್ರು ಕೇಳ್ಬ್ಯಾಡಿ. ನನ್ ಉಳ್ಸಾಕಿಲ್ಲ ಅವ್ರು."

ಆ ದನಿ ಗಂಗಾಂಬಿಕೆಯದು, ಶಂಭುಲಿಂಗಪ್ಪನ ಹೆಂಡತಿಯದು. ಹಿಂದೊಮ್ಮೆ ಗಿರಣಿಗೆ ಬಂದು, ತವರಿಗೆ ಮಾತಾಡಬೇಕು ಕೆಂಪಣ್ಣ, ನಮ್ಮನೆಯವರಿಗೆ ತಿಳಿಯುವುದು ಬೇಡ ಎಂದು ಅವಳು ಜೆರಾಕ್ಸ್ ಕೇಳಿ ಒಯ್ದಿದ್ದಳು. ಕೆಂಪಯ್ಯ ಮೆಲ್ಲಗೆ ಪಕ್ಕಕ್ಕೆ ತಿರುಗಿದ. ಶಂಭುಲಿಂಗಪ್ಪ ಅವನನ್ನೇ ನೋಡುತ್ತಿದ್ದ, ರೆಪ್ಪೆ ಬಡಿಯದೆ.

ಒಂದು ಸಲ ಆ ದನಿ ಮಾಡಿ ತೋರಿಸಿ ಎಂದರು ಇನ್‌ಸ್ಪೆಕ್ಟರು. ಅಲ್ಲ ಎಂದರೆ ಮತ್ಯಾರು ಎಂಬ ಪ್ರಶ್ನೆ ಏಳುತ್ತದೆ, ಎದ್ದರೆ ಗಂಗಾಂಬಿಕೆಯ ಗತಿ ಮುಗಿಯಿತು. ಕೆಂಪಯ್ಯ ಶಾಲನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು ಸಣ್ಣ ದನಿಯಲ್ಲಿ, "ಸಾ, ಮರ ಓಯ್ತಾ ಅದೆ ಸಾ" ಎಂದ. ನಡುಗಿಸಬೇಕಾದ ಅಗತ್ಯವೇ ಬೀಳಲಿಲ್ಲ, ದನಿ ತಾನಾಗಿಯೇ ನಡುಗಿತು. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಶಂಭುಲಿಂಗಪ್ಪನೂ ನಕ್ಕ.

"ಸರಿ, ಇದನ್ನ ಮಾಡಿಸ್ತಿರೋನು ಯಾರು? ಹೆಸರು ಹೇಳಿ."

ಶಂಭುಲಿಂಗಪ್ಪನ ಭಾರವಾದ ಕೈ ಕೆಂಪಯ್ಯನ ಭುಜದ ಮೇಲೆ ಬಂದು ಕೂತಿತ್ತು. ಗೊತ್ತಿಲ್ಲ ಎನ್ನಲು ಹೋಗಿ, ಗೊತ್ತಾದ ಮೇಲೆ ಹೇಳುತ್ತೇನೆ ಎಂದು ತೊದಲಿದ. ಇನ್‌ಸ್ಪೆಕ್ಟರು ಬೆನ್ನು ತಟ್ಟಿ, "ಹೆದರಬೇಡಿ. ಫೋನ್ ಆನ್ ಇರಲಿ, ಅಷ್ಟೆ. ನೀವೆಲ್ಲಿದ್ದೀರಿ ಅಂತ ಇಲ್ಲಿಂದಲೇ ನೋಡ್ತಿರ್ತೀವಿ" ಎಂದು ಕಳಿಸಿಕೊಟ್ಟರು.

ಬಸ್ಸು ಹತ್ತುವ ಮೊದಲು ಶಂಭುಲಿಂಗಪ್ಪ ದೂರ ನಿಂತು ಯಾರಿಗೋ ಫೋನ್ ಮಾಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಬೆಳಗಿನ ಪ್ರಶ್ನೆಗಳೇ ವಾಸಿಯಾಗಿದ್ದವು. ನಾನಲ್ಲ ಅಣ್ಣಾ, ನಿನ್ನ ಮನೆಯೊಳಗೇ ಹೋಗಿ ನೋಡು ಎಂದು ಹೇಳಿ ಬಚಾವಾಗಿಬಿಡಲೇ ಎಂದು ಕೆಂಪಯ್ಯ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಕಿವಿಯೊಳಗೆ ಆ ಹೆಂಗಸು ಉಸಿರು ಹಿಡಿದುಕೊಂಡಂತಾಯಿತು. ಬಾಯಿ ಮುಚ್ಚಿ ಜೇಬಿನ ಫೋನನ್ನು ದೇವರ ತಾಯಿತದಂತೆ ಒತ್ತಿ ಹಿಡಿದುಕೊಂಡ.

ಗುಂಡ್ಲುಪೇಟೆಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಸ್ಟ್ಯಾಂಡಿನ ಹೊರಗೆ ಶಂಭುಲಿಂಗಪ್ಪನ ಲಾರಿ ನಿಂತಿತ್ತು, ಮೇಲೆ ಇಬ್ಬರು ಗಟ್ಟಿ ಆಳುಗಳು. ಊರಿನ ಬಸ್ಸಿಗೆ ಹೋಗುತ್ತೇನೆ ಅಣ್ಣಾ ಎಂದ ಕೆಂಪಯ್ಯ. ಅದನ್ನು ಎರಡನೆಯ ಸಲ ಹೇಳುವಷ್ಟರಲ್ಲಿ ಆಳುಗಳು ಅವನನ್ನು ಮುಂದಿನ ಸೀಟಿಗೆ ಹತ್ತಿಸಿಯಾಗಿತ್ತು. ಶಂಭುಲಿಂಗಪ್ಪ ಪಕ್ಕದಲ್ಲಿ ಕೂತು, ಅವನ ಹೆಗಲ ಮೇಲಿನ ಶಾಲನ್ನು ಅಕ್ಕರೆಯಿಂದ ಸರಿಪಡಿಸಿದ.

"ಫೋನ್ ಆಫ್ ಮಾಡ್ಬುಡು ಕಣ್ಲಾ ಕೆಂಪ" ಎಂದ. "ನಾವ್ ಓಗೋ ಕಡೆ ಟವರ್ ಸಿಗಾಕಿಲ್ಲ, ಸುಮ್ನೆ ಚಾರ್ಜ್ ಯಾಕ್ ದಂಡ?"

ಆಮೇಲೆ ತಾನೇ ಅವನ ಜೇಬಿಗೆ ಕೈ ಹಾಕಿ ಫೋನು ತೆಗೆದುಕೊಂಡ.