ಕಲೆಯ ಊರಿಗೆ ಡಾಕ್ಟರ ಸವಾರಿ

ಮದುವೆಯಾದಾಗಿನಿಂದ ತಾವಿಬ್ಬರೇ ಹೋಗಿ ಒಂದು ಊರು ನೋಡಿ ಬಂದದ್ದಿಲ್ಲ ಎಂಬುದು ಲಾಂಡ್ರಿಯವನ ಹೆಂಡತಿಯ ಬಹುಕಾಲದ ದೂರು. ದೂರಿನಲ್ಲಿ ಹುರುಳಿತ್ತು. ಪ್ರತಿ ಸಲ ಹೊರಡುವ ಹೊತ್ತಿಗೆ ಸರಿಯಾಗಿ ಯಾವನೋ ಮದುಮಗ ಕೋಟಿನ ಮೇಲೆ ಏನಾದರೂ ಚೆಲ್ಲಿಕೊಂಡು ಓಡಿಬರುತ್ತಿದ್ದ. ಲಾಂಡ್ರಿಯವನು ಚೀಲ ಕೆಳಗಿಟ್ಟು ಕೋಟು ಎತ್ತಿಕೊಳ್ಳುತ್ತಿದ್ದ. ಅಲ್ಲಿಗೆ ಪ್ರವಾಸ ಮುಗಿಯುತ್ತಿತ್ತು.

ಅವನ ಪಾಲಿಗೆ ಅದು ಬರೀ ಕೋಟಲ್ಲ, ರೋಗಿ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಉಗುರಿನಿಂದ ಮೆಲ್ಲಗೆ ಕೆರೆದು, "ಯಾವಾಗಿನಿಂದ ಇದೆ?" ಎಂದು ಗಂಭೀರವಾಗಿ ಕೇಳುವ ಅವನ ವೈಖರಿಗೆ ಬೀದಿಯವರು 'ಡಾಕ್ಟರ್' ಎಂಬ ಬಿರುದು ದಯಪಾಲಿಸಿದ್ದರು. (ಕೊಟ್ಟವರು ತಮಾಷೆಗೆ ಕೊಟ್ಟಿದ್ದರು, ತೆಗೆದುಕೊಂಡವನು ತಮಾಷೆಗೆ ತೆಗೆದುಕೊಂಡಿರಲಿಲ್ಲ.) ಅಂಗಡಿಯಲ್ಲಿ ಕಲೆ ತೆಗೆಯುವುದು ಅವನ ಖಾತೆ, ಇಸ್ತ್ರಿ ಅವಳ ಖಾತೆ. ಊಟಕ್ಕೆ ಕೂತರೂ ಅವನ ಬಾಯಲ್ಲಿ ಕಲೆಯದೇ ಮಾತು.

ಈ ಸಲ ಕಿಡಿ ಹಚ್ಚಿದವರು ಡ್ರಾಯಿಂಗ್ ಮೇಷ್ಟ್ರು. ಅಂಗಿ ಒಗೆಯಲು ಕೊಟ್ಟು ಹೋಗಬಾರದೇ? ಹಳೆಯ ಚಿತ್ರಗಳಿಗೆ, ಶಿಲ್ಪಗಳಿಗೆ ಹೆಸರಾದ ಊರೊಂದನ್ನು ಹೊಗಳುತ್ತ ನಿಂತರು. ಎರಡೇ ದಿನ ಸಾಕು, ಕಣ್ತುಂಬ ನೋಡಿ ಬರಬಹುದು ಎಂದರು. ಅವರು ಹೋಗುವುದನ್ನೇ ಕಾದು ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ರೀ, ಹೋಗೋಣ. ಒಂದೇ ಷರತ್ತು. ಆ ಎರಡು ದಿನ ನಿಮ್ಮ ಬಾಯಲ್ಲಿ ಕಲೆ ಅನ್ನೋ ಮಾತು ಬರಕೂಡದು."

"ಕಲೆಗೆ ಹೆಸರಾದ ಊರಿಗೇ ಹೋಗಿ ಕಲೆ ಅನ್ನದೆ ಇರೋದು ಹೇಗೆ?"

"ಆ ಕಲೆ ಬೇರೆ, ನಿಮ್ಮ ಕಲೆ ಬೇರೆ."

"ಏನು ಬೇರೆ? ಅದೂ ಯಾರೋ ಬಣ್ಣ ಚೆಲ್ಲಿದ್ದೇ ತಾನೆ?"

ಹೆಂಡತಿ ಫೋನನ್ನು ಅವನ ಮುಂದೆ ತಳ್ಳಿದಳು.

ಆ ಊರಿಗೆ ಹೋಗುವುದು ಸುಲಭ, ಇಳಿದುಕೊಳ್ಳಲು ಜಾಗ ಸಿಗುವುದು ಕಷ್ಟ. ಡಾಕ್ಟರ್ ಫೋನ್ ಮಾಡಿದಲ್ಲೆಲ್ಲ ಕೋಣೆಗಳು ಭರ್ತಿ. ಕೊನೆಗೆ ಒಂದು ಅತಿಥಿಗೃಹದ ಮ್ಯಾನೇಜರ್ ಮಾತ್ರ ತಾಳ್ಮೆಯಿಂದ ವಿಚಾರಿಸಿದ.

"ಹೆಸರು, ಸಾರ್?"

"ಡಾಕ್ಟರ್ ಅಂತ ಬರ್ಕೊಳ್ಳಿ. ಎಲ್ಲರೂ ಹಾಗೇ ಕರೆಯೋದು."

"ಯಾವುದರಲ್ಲಿ ಡಾಕ್ಟರು?"

"ಕಲೆಯಲ್ಲಿ. ಜೀವಮಾನವೆಲ್ಲ ಅದರಲ್ಲೇ ಸವೆಸಿದ್ದೀನಿ."

ಆಚೆಯ ದನಿ ತಟ್ಟನೆ ಮೆತ್ತಗಾಯಿತು. "ಎಣ್ಣೇದೋ ಸಾರ್, ನೀರಿಂದೋ?"

"ಎಣ್ಣೇದರಲ್ಲಿ ನನ್ನ ಕೈ ಪಳಗಿದೆ. ನೀರಿಂದೇನು, ಮಕ್ಕಳೂ ಮಾಡ್ತಾರೆ. ಹಳೇದಾದಷ್ಟೂ ನನಗೆ ಹುರುಪು."

"ಹಾಗಾದ್ರೆ ನಮ್ಮೂರಿನ ಗೋಡೆಗಳ ಮೇಲಿರೋದನ್ನ ನೀವು ನೋಡಲೇಬೇಕು."

"ಗೋಡೇದಕ್ಕೆ ಸುಣ್ಣ ಬಳಿದುಬಿಡಿ ಸ್ವಾಮಿ, ತಲೆನೋವು ತಪ್ಪುತ್ತೆ."

ಮ್ಯಾನೇಜರ್ ಉಸಿರು ಎಳೆದುಕೊಂಡದ್ದು ಈಚೆಗೂ ಕೇಳಿಸಿತು. "ಅಬ್ಬಾ! ಬಹಳ ಕ್ರಾಂತಿಕಾರಿ ನಿಲುವು!"

"ಕಲೆ ಅಂದ್ರೆ ಕೈಕಟ್ಟಿ ನೋಡ್ತಾ ನಿಲ್ಲೋದಲ್ಲ ಸ್ವಾಮಿ. ಕೈ ಹಾಕ್ಬೇಕು!"

ಫಲವಾಗಿ, ತಜ್ಞರಿಗೆಂದೇ ಕಾದಿಟ್ಟ ಕೋಣೆ ಬಾಡಿಗೆಯಿಲ್ಲದೆ ದೊರೆಯಿತು. ಒಂದು ಸಂಜೆ ನಾಲ್ಕು ಜನರೆದುರು ಅನುಭವ ಹಂಚಿಕೊಂಡರೆ ಸಾಕಂತೆ. "ನೋಡಿದ್ಯಾ, ನಮ್ಮ ಕಸುಬಿಗೆ ಎಂಥಾ ಮರ್ಯಾದೆ!" ಎಂದು ಡಾಕ್ಟರ್ ಎದೆಯುಬ್ಬಿಸಿದ. ಬಟ್ಟೆ ಒಗೆಯುವವರನ್ನು ಇಷ್ಟು ಗೌರವಿಸುವ ಊರೂ ಉಂಟೇ ಎಂದು ಅವಳಿಗೂ ಸೋಜಿಗವಾಯಿತು. ಆದರೂ ಕೋಣೆಯಂತೂ ಸಿಕ್ಕಿತ್ತು. ನಡೆದೇ ನೋಡಬೇಕಾದ ಊರೆಂದು ಅವಳು ಹೊಸ ಚಪ್ಪಲಿ ಕೊಂಡು, ಕಾಲಿಗೆ ಹೊಂದಲೆಂದು ಅದನ್ನು ಹಾಕಿಕೊಂಡೇ ಇಸ್ತ್ರಿ ಮಾಡತೊಡಗಿದಳು. ಗಂಡ ಸೋಪಿನ ನೊರೆಯ ಎದುರು ನಿಂತು ಭಾಷಣ ಉರು ಹೊಡೆದ.

ಹೊರಡುವ ಹಿಂದಿನ ದಿನ ಮೇಷ್ಟ್ರು ಅಂಗಿ ಒಯ್ಯಲು ಬಂದರು.

"ನೀವು ಒಳ್ಳೇ ಹೊತ್ತಿಗೆ ಹೋಗ್ತಿದ್ದೀರಿ. ಡಾಕ್ಟರ್ ಅಂತ ಯಾರೋ ದೊಡ್ಡ ಕಲಾ ಪಂಡಿತರು ಅಲ್ಲಿ ಭಾಷಣ ಮಾಡ್ತಾರಂತೆ. ಗೋಡೆ ಚಿತ್ರಕ್ಕೆಲ್ಲ ಸುಣ್ಣ ಬಳೀಬೇಕು ಅನ್ನೋ ಪೈಕಿಯಂತೆ. ಊರಿನ ಚಿತ್ರಕಾರರೆಲ್ಲ ಜಗಳಕ್ಕೆ ತೋಳೇರಿಸಿ ಕಾಯ್ತಿದ್ದಾರಂತೆ!"

ಡಾಕ್ಟರ ಮುಖ ಒಗೆದ ಬಟ್ಟೆಗಿಂತ ಬೆಳ್ಳಗಾಯಿತು. ಮೇಷ್ಟ್ರು ಬೀದಿ ದಾಟಿದ ಕೂಡಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡ.

"ಹೋಗೋದು ಬೇಡ ಬಿಡೇ," ಎಂದ ಅವನು. "ಇನ್ನೊಂದು ಸಲ ನೋಡೋಣ."

ಅವಳು ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ. ಬೈಯಲಿಲ್ಲ. ಹೊಸ ಚಪ್ಪಲಿಯನ್ನು ಕಳಚಿ, ಧೂಳು ಒರೆಸಿ, ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು. ಪಾಪ, ಎಷ್ಟು ಆಸೆ ಇಟ್ಟುಕೊಂಡಿದ್ದಳು! ಮಾನ ಹೋದರೆ ಹೋಗಲಿ ಎಂದು ಅವನು ಫೋನ್ ಹಚ್ಚಿದ.

"ಸ್ವಾಮಿ, ತಪ್ಪಾಗಿದೆ. ನಾನು ನೀವು ತಿಳ್ಕೊಂಡಿರೋ ಡಾಕ್ಟರಲ್ಲ. ಬಟ್ಟೆ ಮೇಲಿನ ಕಲೆ ತೆಗೆಯೋನು. ಲಾಂಡ್ರಿಯವನು."

ಬೈಗುಳಕ್ಕೆ ತಯಾರಾಗಿ ಫೋನನ್ನು ಕಿವಿಯಿಂದ ತುಸು ದೂರ ಹಿಡಿದ.

"ತೆಗೀತೀರಾ?" ಎಂದ ಮ್ಯಾನೇಜರ್. "ಎಣ್ಣೆ ಬಣ್ಣದ್ದೂ?"

"ಅದೂ."

"ಸಾರ್, ಇಲ್ಲಿ ಉಳಿದುಕೊಳ್ಳೋ ಕಲಾವಿದರೆಲ್ಲ ಕೈ ಒರೆಸೋದು ನಮ್ಮ ಪರದೆಗೇ! ಮೇಜುಬಟ್ಟೆ, ಹಾಸಿಗೆ ಹೊದಿಕೆ, ಯಾವುದೂ ಉಳಿದಿಲ್ಲ. ಭಾಷಣ ಸುಡಲಿ, ಕೋಣೆ ನಿಮ್ಮದೇ. ಆ ಎರಡು ದಿನ ನೀವು ಅದಿಷ್ಟು ನೋಡಿಕೊಟ್ರೆ ಸಾಕು."

"ಯೋಚನೆ ಮಾಡಿ ಹೇಳ್ತೀನಿ," ಎಂದ ಡಾಕ್ಟರ್. ಕಿವಿಗೊಟ್ಟು ನಿಂತಿದ್ದ ಹೆಂಡತಿ ಫೋನ್ ಕಸಿದುಕೊಂಡು, "ಒಪ್ಪಿದ್ದಾರೆ," ಎಂದು ಇಟ್ಟುಬಿಟ್ಟಳು.

"ಅಯ್ಯೋ, ಊರು ನೋಡೋದು ಯಾವಾಗ?"

"ಊರು ನಾನು ನೋಡ್ತೀನಿ. ಕಲೆ ಅಂದ್ರೆ ಕೈಕಟ್ಟಿ ನೋಡ್ತಾ ನಿಲ್ಲೋದಲ್ಲ, ಕೈ ಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ?"

ಡಾಕ್ಟರ್ ಬ್ರಷ್ಷು, ಸೀಸೆಗಳನ್ನು ಚೀಲಕ್ಕೆ ತುಂಬಿದ. ಹೆಂಡತಿ ಪೆಟ್ಟಿಗೆ ತೆರೆದು ಮತ್ತೆ ಚಪ್ಪಲಿ ಮೆಟ್ಟಿದಳು.

"ನನ್ನ ಷರತ್ತು ಹಾಗೇ ಇದೆ, ಮರೀಬೇಡಿ," ಎಂದಳು. "ಸಂಜೆ ಕೋಣೆಗೆ ಬಂದ್ಮೇಲೆ ಕಲೆ ವಿಚಾರ ನೀವು ಎತ್ತಕೂಡದು. ನಾನು ಹೇಳ್ತೀನಿ, ನೀವು ಕೇಳಬೇಕು."