ಬಂಗಾರದ ಮೀನಿಗೆ ಅಭಿಷೇಕ

ನನ್ನ ಮಗ ಬಾಯಿ ತೆರೆಯುವುದಿಲ್ಲ. ಅಳುವುದಕ್ಕೇನೋ ತೆರೆಯುತ್ತಾನೆ, ಆಗ ನಮ್ಮೂರು ಉದಗೀರದ ಕೋಟೆಯ ಗೋಡೆಯೂ ಬಿರುಕು ಬಿಡಬೇಕು, ಅಂಥ ದನಿ. ಊಟದ ಬಟ್ಟಲು ಕಂಡರೆ ಮಾತ್ರ ತುಟಿಗೆ ತುಟಿ ಹೊಲಿದುಕೊಂಡು ಕೂತುಬಿಡುತ್ತಾನೆ. ಹಿರಿಯರು ಅವನಿಗೆ ಮನ್ಮಥ ಎಂದು ಹೆಸರಿಟ್ಟರು. ಮನ್ಮಥನಿಗೆ ಅನಂಗ, ಅಂದರೆ ದೇಹವೇ ಇಲ್ಲದವನು, ಎಂಬ ಇನ್ನೊಂದು ಹೆಸರಿದೆಯೆಂದು ನಾನು ಸೋಲಾಪುರದ ಶಾಲೆಯಲ್ಲಿ ಓದಿದ್ದೆ. (ಓದಬಾರದಿತ್ತು.) ಸ್ನಾನಕ್ಕೆಂದು ಅವನ ಅಂಗಿ ಬಿಚ್ಚಿ ಪಕ್ಕೆಲುಬು ನೋಡಿದಾಗಲೆಲ್ಲ, ಈ ಹುಡುಗ ಹೆಸರು ಉಳಿಸಿಯೇ ತೀರುತ್ತಾನೆ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ನಮ್ಮವರ ಮುಂದೆ ಹೇಳಿಕೊಂಡೆ. ಅವರು ಬಟ್ಟೆ ಅಂಗಡಿಯವರು.

"ಅಂಗಿ ಸಡಲ ಆದ್ರ ಇನ್ನೊಂದ ಹೊಲಿಗಿ ಹಾಕಸೂಣು. ಅದಕ್ಯಾಕ ಅಳ್ತಿ?" ಎಂದರು.

ಅತ್ತೆ ಪ್ರಯಾಗಬಾಯಿಯವರ ಮುಂದೆ ಹೇಳಿಕೊಂಡೆ.

"ನಾವು ಮಕ್ಕಳಿಗಿ ಉಣಸ್ತಿದ್ವಿ. ನೀ ಪರೀಕ್ಷಾ ತಗೋತಿ. ಕೂಸು ಹೆದರಲಾರದ ಏನ್ ಮಾಡ್ತದ?" ಎಂದರು.

ಕಡೆಗೆ ಅಪ್ಪನಿಗೆ ಪತ್ರ ಬರೆದೆ. ಅಪ್ಪ ಸೋಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಬೇರೆಯವರ ಅಪ್ಪಂದಿರಾದರೆ ಟಾನಿಕ್ಕಿನ ಬಾಟಲಿ ಕಳಿಸುತ್ತಿದ್ದರು. ನಮ್ಮಪ್ಪ ಒಂದು ಗಾಜಿನ ಪೆಟ್ಟಿಗೆಯನ್ನೂ, ಮುಚ್ಚಳಕ್ಕೆ ತೂತು ಹೊಡೆದ ಒಂದು ಡಬ್ಬಿಯನ್ನೂ ಹಿಡಿದು ತಾವೇ ಬಂದರು. ಡಬ್ಬಿಯಲ್ಲಿ ಒಂದು ಬಂಗಾರದ ಬಣ್ಣದ ಮೀನು. ಯೆಣೆಗೂರಿನಲ್ಲಿ ಅದಕ್ಕೆ ಅರ್ಧ ನೀರು ಬದಲಿಸಿ, ಉಮರ್ಗಾದಲ್ಲಿ ಇನ್ನರ್ಧ ಬದಲಿಸಿ, ನಿಲಂಗಾದ ಆಚೆ ಬಸ್ಸು ಕೆಟ್ಟು ನಿಂತಾಗ ತಾವು ಬೆವರುತ್ತ ಡಬ್ಬಿಗೆ ಪೇಪರಿನಿಂದ ಗಾಳಿ ಬೀಸಿ ಕರೆತಂದಿದ್ದರು. ನನ್ನನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಜೋಪಾನ ಮಾಡಿರಲಿಲ್ಲ.

"ಬೀಗರು ಹಣ್ಣು ತರ್ತಾರ, ಪೇಢಾ ತರ್ತಾರ. ಲಿಂಗವಂತರ ಮನಿಗಿ ಮೀನ ತರ್ತಾರೇನ?" ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದರು.

"ತಿನ್ಲಾಕಲ್ಲರೀ ಅತ್ತಿ, ನೋಡ್ಲಾಕ."

"ನೋಡ್ಲಾಕ ನೀ ಇದ್ದೀಯಲ್ಲ, ಸಾಲದೇನ?"

ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು, ತಳದಲ್ಲಿ ಮರಳು ಹರವಿ, ನಡುವೆ ಅಪ್ಪ ಒಂದು ಬಿಳಿ ಹವಳದ ಕಲ್ಲು ನಿಲ್ಲಿಸಿದರು. ಮುಂಬಯಿಯ ಸಮುದ್ರದ ದಂಡೆಯಲ್ಲಿ ಸಿಕ್ಕಿದ್ದಂತೆ. ಗೇಣುದ್ದ, ನೆತ್ತಿ ನುಣ್ಣಗೆ ಗುಂಡಗೆ. ಮೀನಿಗೆ ಮರೆಯಾಗಲು ಒಂದು ತಾವು ಬೇಕಲ್ಲ! ನೀರು ತುಂಬಿ ಮೀನು ಬಿಟ್ಟರು. ಅದು ಹವಳವನ್ನು ಸುತ್ತಿ ಬಂದು ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಈಚೆ ಕೂತಿದ್ದ ಮನ್ಮಥ ಕಣ್ಣರಳಿಸಿ ನೋಡಿ ತಾನೂ ಬಾಯಿ ತೆರೆದ. ನನ್ನ ಕೈಯಲ್ಲಿ ಬ್ಯಾಳಿ ಅನ್ನದ ಚಮಚೆ ಇತ್ತು. ಮುಂದಿನದನ್ನು ವಿವರಿಸಬೇಕಾಗಿಲ್ಲ. ಬಟ್ಟಲು ಬರಿದಾಯಿತು! ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆ ಹುಳು ತಿನ್ನುವ ಜೀವಕ್ಕೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದರು. "ಕುಸುಮಾ, ನಿಂತ ನೀರು ಕೆಡ್ತದವ್ವ. ಅಲುಗಾಡ್ತಿರಬೇಕು, ಮೂಲಿ ಮೂಲಿಗೂ ಹರೀಬೇಕು. ಇಲ್ಲಂದ್ರ ಮೀನಿಗಿ ಉಸರ ಕಟ್ತದ."

ಅವರ ಶಾಲೆಯಲ್ಲಿ ಇದಕ್ಕೆ ಕರೆಂಟಿನ ಪಂಪು ಇತ್ತು. ನಮ್ಮ ಮನೆಗೆ ಕರೆಂಟು ಮುನಿಸಿಕೊಂಡ ನೆಂಟನ ಹಾಗೆ ಮನಸ್ಸು ಬಂದಾಗ ಬಂದು ಹೇಳದೇ ಹೋಗುತ್ತಿತ್ತು. ಆದರೆ ಅದು ಪಂಚವಾರ್ಷಿಕ ಯೋಜನೆಗಳ ಕಾಲ. ದೇಶವೇ ನದಿ ತಿರುಗಿಸುತ್ತಿದ್ದಾಗ ನಾನೊಂದು ಪೆಟ್ಟಿಗೆಯ ನೀರು ತಿರುಗಿಸಲಾರೆನೆ? ಪಂಪು ಹುಡುಕಿದೆ. ಮಲೇರಿಯಾದವರು ಡಿ.ಡಿ.ಟಿ. ಹೊಡೆಯುವ ಪಂಪು ಕೇಳೋಣವೇ ಎಂದರು ನಮ್ಮವರು. (ಸೊಳ್ಳೆಯ ಜೊತೆಗೆ ಮೀನೂ ನಿರ್ಮೂಲವಾಗುತ್ತಿತ್ತು.) ಕೊನೆಗೆ ಎಡಮೂಲೆಗೆ ಸೈಕಲ್ ಪಂಪಿನ ರಬ್ಬರ್ ನಳಿಗೆ, ಬಲಮೂಲೆಗೆ ರಂಗಪಂಚಮಿಯ ಪಿಚಕಾರಿ. ಪಂಪಿಗೆ ಅವರು, ಪಿಚಕಾರಿಗೆ ನಾನು.

"ಒತ್ತರೀ!"

"ಒತ್ತಲಾಕತ್ತೀನಲ್ಲ!"

"ಅಷ್ಟ ಜೋರ್ ಅಲ್ಲ! ಮೀನ ಗಿರಗಿರ ತಿರಗ್ಲಾಕತ್ಯದ!"

"ಮೀನಿಂದ ಬಿಡು, ನನ್ನ ತಲೀನೇ ತಿರಗ್ಲಾಕತ್ಯದ. ಅಂಗಡಿ ಮುಂದ ಗಿರಾಕಿ ನಿಂತಿರ್ತಾರ, ಇಲ್ಲಿ ನಾ ಮೀನಿಗಿ ಗಾಳಿ ಹೊಡಕೋತ ಕೂತೀನಿ!"

ಎದುರುಬದುರಾಗಿ ಬಿಟ್ಟ ಎರಡು ಪ್ರವಾಹಗಳು ನಡುವೆ ಡಿಕ್ಕಿ ಹೊಡೆದು ಅಲ್ಲೇ ಸತ್ತವು (ಗಂಡಹೆಂಡಿರ ಮಾತಿನ ಹಾಗೆ). ಕಸವೆಲ್ಲ ಹವಳದ ಬುಡಕ್ಕೆ ಕೂತಿತು. ಎರಡನ್ನೂ ಒಂದೇ ಗಾಜಿನ ಗೋಡೆಗುಂಟ, ಒಂದೇ ದಿಕ್ಕಿಗೆ ತಿರುಗಿಸಿದೆ. ಈಗ ನೀರು ಪೆಟ್ಟಿಗೆಯ ಪ್ರದಕ್ಷಿಣೆ ಹಾಕಿತು, ಕಸ ಎದ್ದಿತು, ಮೀನು ಮಾತ್ರ ಪಟ ಅಂಟಿಸಿದಂತೆ ಗಾಜಿಗೆ ಅಂಟಿಕೊಂಡಿತು. ನಮ್ಮವರು ಪಂಪು ಕೆಳಗಿಟ್ಟು, ಟೋಪಿ ಮೇಲಿಟ್ಟು, ಅಂಗಡಿಗೆ ನಡೆದರು.

ಆಗ ನನಗೆ ಆ ದಿವ್ಯ ಉಪಾಯ ಹೊಳೆಯಿತು. ಅತ್ತೆಯವರ ದೇವರ ಮನೆಯಲ್ಲಿ ಅಭಿಷೇಕದ ಪಾತ್ರೆ ಇತ್ತು. ತಳದಲ್ಲಿ ಸಣ್ಣ ತೂತು. ತುಂಬಿ ತೂಗುಹಾಕಿದರೆ ಲಿಂಗದ ಮೇಲೆ ತೊಟತೊಟ ನೀರು ಬೀಳುತ್ತದೆ. ಯಾರೂ ಒತ್ತಬೇಕಾಗಿಲ್ಲ!

"ಮೀನಿಗಿ ಅಭಿಷೇಕ ಮಾಡ್ತೀಯೇನ?" ಎಂದು ಅತ್ತೆ ಕಣ್ಣು ಕಿಸಿದರು.

"ಮೀನ ಬದಕಿದ್ರ ಮನ್ಮಥ ಉಣ್ತಾನರೀ ಅತ್ತಿ."

ಅವರು ನನ್ನ ಮುಖ ನೋಡಿದರು, ಮೊಮ್ಮಗನ ಪಕ್ಕೆ ನೋಡಿದರು. ಆಮೇಲೆ ತಾವೇ ಪಾತ್ರೆ ತಂದು, ತಾವೇ ಹಗ್ಗ ಕಟ್ಟಿ, ತಾವೇ ನೀರು ತುಂಬಿದರು. "ಕೂಸು ಉಣ್ಣಲಿ. ಶಿವ ಏನೂ ಅನ್ನಂಗಿಲ್ಲ," ಎಂದರು. ಅಂಥ ಅತ್ತೆ ಯಾವ ಪುಣ್ಯಕ್ಕೆ ಸಿಕ್ಕರೋ ಎಂದು ನಾನು ಅಡಿಗೆಮನೆಗೆ ಹೋಗಿ ಒಂದಿಷ್ಟು ಅತ್ತು ಬಂದೆ.

ಹನಿ ಬಿದ್ದಲ್ಲಿ ಅಲೆ ಎದ್ದು ಮೂಲೆ ಮುಟ್ಟುತ್ತಿತ್ತು. ಹೆಚ್ಚಾದ ನೀರು ರಬ್ಬರ್ ನಳಿಗೆಯಿಂದ ಬಕೆಟ್ಟಿಗೆ ಇಳಿಯುತ್ತಿತ್ತು. ಬಕೆಟ್ಟಿನದು ಮತ್ತೆ ಪಾತ್ರೆಗೆ. ಮೀನು ಹೊಳೆಯಿತು, ಮನ್ಮಥ ಉಂಡ, ಗಲ್ಲ ತುಂಬಿತು. ನನ್ನ ಯೋಜನೆ ಕೈಗೂಡಿತೆಂದು ಅಪ್ಪನಿಗೆ ದೊಡ್ಡ ಪತ್ರ ಹಾಕಿದೆ.

ಶ್ರಾವಣ ಸೋಮವಾರ ನಮ್ಮ ಮನೆಯ ಜಂಗಮರಾದ ರಾಚಯ್ಯನವರು ಭಿಕ್ಷೆಗೆ ಬಂದರು. ಪಡಸಾಲೆಯಲ್ಲಿ ಕಂಡದ್ದೇನು? ತೂಗುವ ಅಭಿಷೇಕದ ಪಾತ್ರೆ, ಅದರ ಕೆಳಗೆ ನೀರಿನಲ್ಲಿ ನಿಂತ ಬಿಳಿ ಲಿಂಗ. ನಾವು ಅಡಿಗೆಮನೆಯಿಂದ ಓಡಿ ಬರುವುದರೊಳಗೆ ಅವರು ಉದ್ದಕ್ಕೆ ನಮಸ್ಕಾರ ಹಾಕಿ, ಬೊಗಸೆ ಅದ್ದಿ, ತೀರ್ಥವೆಂದು ಆ ನೀರನ್ನು ಕುಡಿದೇಬಿಟ್ಟಿದ್ದರು! ಅಷ್ಟರಲ್ಲಿ ಹವಳದ ಹಿಂದಿನಿಂದ ಮೀನು ಮೂತಿ ಚಾಚಿತು.

"ಇದೇನವ್ವ ಒಳಗ?"

ಮತ್ಸ್ಯಾವತಾರ ಎನ್ನೋಣವೆಂದರೆ ಅದು ವಿಷ್ಣುವಿನ ಕಡೆಯದು, ನಮ್ಮಲ್ಲಿ ನಡೆಯದು. ಅತ್ತೆ ತಡವರಿಸಲಿಲ್ಲ.

"ಹಿಂದಿನ ಜನ್ಮದ ಭಕ್ತ ಇರಬೇಕರೀ ಅಯ್ಯನೋರ. ಪ್ರದಕ್ಷಿಣಿ ಹಾಕ್ಕೋತ ಅದ."

ರಾಚಯ್ಯನವರ ಕಣ್ಣು ತುಂಬಿ ಬಂತು. ಸಂಜೆಯ ಹೊತ್ತಿಗೆ, ಬಟ್ಟೆ ಅಂಗಡಿಯವರ ಮನೆಗೆ ಸಮುದ್ರಲಿಂಗ ಬಂದಿದೆಯೆಂದು ಓಣಿಯೆಲ್ಲ ನೆರೆಯಿತು. ಬಿಲ್ವಪತ್ರೆ ಬಂತು, ವಿಭೂತಿ ಬಂತು, ಹೂವು ಬಂತು. ನಾನು "ಅದು ಹವಳರೀ, ಹವಳ!" ಎಂದು ಕೂಗಿದರೆ, "ಹವಳದ ಲಿಂಗ! ಎಂಥ ಪುಣ್ಯವ್ವ ನಿಂದು!" ಎಂದು ನನಗೇ ಕುಂಕುಮ ಹಚ್ಚಿದರು. ಪಕ್ಕದ ಮನೆಯ ಶೇವಂತಾಬಾಯಿ ಭಕ್ತಿ ಉಕ್ಕಿ ಒಂದು ತಂಬಿಗೆ ಹಾಲನ್ನೇ ಸುರಿದುಬಿಟ್ಟರು.

ಮೀನು ಮೇಲೆ ಬಂದು ಏದುಸಿರು ಬಿಡತೊಡಗಿತು. ನಾನು ಗುಂಪಿನ ನಡುವೆ ನುಗ್ಗಿ, ಸಾರಿನ ಸೌಟಿನಿಂದ ಅದನ್ನು ಎತ್ತಿ ಮಣ್ಣಿನ ಗಡಿಗೆಯ ನೀರಿಗೆ ಹಾಕಿದೆ. ಪುಣ್ಯಕ್ಕೆ ಬದುಕಿಕೊಂಡಿತು. ಆದರೆ ಗಡಿಗೆಯ ಆಚೆ ಈಚೆ ಕಾಣುತ್ತದೆಯೆ? ಮನ್ಮಥ ಗಡಿಗೆಯೊಳಗೆ ಇಣುಕಿದ, ಕತ್ತಲು ಕಂಡ, ತುಟಿ ಹೊಲಿದುಕೊಂಡ. ಪೆಟ್ಟಿಗೆ ತೊಳೆಯಲು ಬಿಡಿ ಎಂದರೆ, ಶ್ರಾವಣ ಮುಗಿಯುವ ತನಕ ಲಿಂಗ ಅಲುಗಿಸಕೂಡದೆಂದು ರಾಚಯ್ಯನವರ ಅಪ್ಪಣೆಯಾಯಿತು. ಅಷ್ಟರಲ್ಲಿ ನನ್ನ ಮಗ ನಿಜವಾಗಿ ಅನಂಗನಾಗಿಬಿಡುತ್ತಿದ್ದ!

ಇನ್ನು ಉಳಿದದ್ದು ಒಂದೇ ದಾರಿ: ಇನ್ನೊಂದು ಗಾಜಿನ ಪೆಟ್ಟಿಗೆಗಾಗಿ ಅಪ್ಪನಿಗೆ ಫೋನು. ಆದರೆ ಫೋನು ಇದ್ದದ್ದು ಕಾಳುಕಡಿಯ ಮೋಂಢಾ ಬಜಾರಿನಲ್ಲಿ, ಗುರುಲಿಂಗಪ್ಪನವರ ಅಡತಿ ಅಂಗಡಿಯಲ್ಲಿ, ಊರ ಗಂಡಸರೆಲ್ಲ ತೊಗರಿ ತೂಗುವಲ್ಲಿ. ಅಲ್ಲಿಗೆ ಹೋಗುವುದು ಹೇಗೆ? ವಿಜ್ಞಾನದ ಮಾಸ್ತರಿಗೆ ಅವರ ಹವಳ ದೇವರಾಯಿತೆಂದು ಹೇಳುವುದು ಹೇಗೆ? ನಾನು ಹೊಸ್ತಿಲಲ್ಲಿ ನಿಂತು ಕೈ ಹಿಸುಕುತ್ತಿದ್ದೆ. ಅತ್ತೆ ಕೂಸನ್ನು ಬಗಲಿಗೇರಿಸಿ, ಅನ್ನದ ಬಟ್ಟಲು ಹಿಡಿದು, ಚಪ್ಪಲಿ ಮೆಟ್ಟಿದರು.

"ನಡಿ, ನಾ ಬರ್ತೀನಿ. ಯಾರೇನ್ ಅಂತಾರ ನೋಡೂಣು."

ಗುರುಲಿಂಗಪ್ಪನವರು ಎದ್ದು ಜಾಗ ಬಿಟ್ಟರು. ಟ್ರಂಕ್ ಕಾಲ್ ಸಿಕ್ಕಿತು. ಆ ತುದಿಯಲ್ಲಿ ಅಪ್ಪನ ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

"ಹಲೋ! ಅಪ್ಪಾ! ಮೀನ ಇಲ್ಲದ ಮನ್ಮಥ ಉಣ್ಣವಲ್ಲ!"

ತಕ್ಕಡಿಗಳು ನಿಂತವು. ಮೋಂಢಾದ ಲಿಂಗವಂತ ವ್ಯಾಪಾರಿಗಳೆಲ್ಲ ನನ್ನತ್ತ ತಿರುಗಿದರು.

"ಏನಂದಿ? ಮೀನ ಇಲ್ಲದ ಉಣ್ಣವಲ್ಲನ? ಶಿವಶಿವಾ! ನೋಡ್ಲಾಕ ಕೊಟ್ಟದ್ದು ತಿನಿಸಿದ್ರೇನವ್ವ?" ಎಂದು ಅಪ್ಪ ಆ ತುದಿಯಿಂದ ಕೂಗಿದರು.

"ಇಲ್ಲರೀ! ಇನ್ನೊಂದ ಡಬ್ಬಿ ಕಳಸರಿ!"

"ಇನ್ನೊಂದ ಡಬ್ಬಿ ಮೀನ? ನಿಮ್ಮತ್ತಿಗಿ ಗೊತ್ತದೇನ?"

"ಮೀನಲ್ಲ! ಗಾಜಿಂದು! ಹಲೋ! ಅಪ್ಪಾ! ಹಲೋ!"

ಕಿರಿಕಿರಿ ಶಬ್ದ ಬಂತು, ಆಮೇಲೆ ಅದೂ ಇಲ್ಲ. ನಾನು ಗಾಬರಿಯಿಂದ ಬಾಯಿ ಅಗಲಿಸಿ "ಹಲೋ! ಹಲೋ!" ಎಂದು ಕೂಗುತ್ತಲೇ ಇದ್ದೆ. ಹಿಂದಿನಿಂದ ಬಟ್ಟಲಿಗೆ ಚಮಚೆ ತಾಗುವ ಸದ್ದು. ತಿರುಗಿ ನೋಡಿದೆ. ಮನ್ಮಥ ಅಜ್ಜಿಯ ಬಗಲಲ್ಲಿ ಕೂತು, ಕಣ್ಣನ್ನು ನನ್ನ ಬಾಯಿಯಲ್ಲೇ ನೆಟ್ಟು, ನಾನು ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಅನ್ನ ನುಂಗುತ್ತಿದ್ದಾನೆ!

ನಾನು ಫೋನು ಕೆಳಗಿಡಲು ಹೋದೆ.

"ಇಡಬ್ಯಾಡ!" ಎಂದು ಅತ್ತೆ ಕೂಗಿದರು. "ಇನ್ನ ಎರಡ ತುತ್ತ ಉಳದಾವ!"

ಗುರುಲಿಂಗಪ್ಪನವರೂ ಸರಿಯೆಂದು ತಲೆಯಾಡಿಸಿದರು. ಆ ತುದಿಯಲ್ಲಿ ಯಾರೂ ಇರಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನನ್ನು ಗಟ್ಟಿಯಾಗಿ ಹಿಡಿದು, ಇಡೀ ಮೋಂಢಾ ನೋಡುತ್ತಿದ್ದಂತೆ ಬಾಯಿ ಇನ್ನಷ್ಟು ಅಗಲಿಸಿ ಹೇಳಿದೆ:

"ಹಲೋ!"